ಒಪ್ಪಿಸುವ ಪಾಠ, ಒಪ್ಪದ ಅಜ್ಜಿ

ಹೊಳೆನರಸೀಪುರ ತಾಲ್ಲೂಕು, ಹಳೇಕೋಟೆ ಹೋಬಳಿಯ ಒಂದು ಊರು. ಮಾರಮ್ಮನ ಗುಡಿ ಮುಂದಿನ ಅಂಗಳವನ್ನು ಬೆಳಿಗ್ಗೆಯೇ ಸಗಣಿ ಹಾಕಿ ಸಾರಿಸಿದ್ದರು. ಹಬ್ಬವೇನೂ ಇರಲಿಲ್ಲ. ಕೃಷಿ ಕಾಲೇಜಿನ ಕೊನೇ ವರ್ಷದ ಹುಡುಗ ಹುಡುಗಿಯರು ರಂಗೋಲಿ ಪುಡಿಯ ಪೊಟ್ಟಣಗಳನ್ನು ಹರಡಿಕೊಂಡು ನೆಲದ ಮೇಲೆ ಊರು ಬಿಡಿಸುತ್ತಿದ್ದರು. ಬಿಳಿಯಲ್ಲಿ ರಸ್ತೆ, ಹಸಿರಲ್ಲಿ ತೋಟ, ಅರಿಶಿನದ ಬಣ್ಣದಲ್ಲಿ ಮನೆ. ಒಬ್ಬ ಹುಡುಗಿ ನೀಲಿ ಪುಡಿ ಸುರಿದು ಕೆರೆ ಮಾಡಿ, ಅದಕ್ಕೊಂದು ಕೋಡಿಯನ್ನೂ ಎಳೆದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದ ಹೆಂಗಸೊಬ್ಬರಿಗೆ ತಡೆಯಲಾಗಲಿಲ್ಲ.

‘ಕೋಡಿ ಆ ಕಡಿಕಲ್ಲ ಕಣವ್ವ, ಪಡುವಲಿಗೈತೆ. ನೀನು ಬಿಟ್ಟಂಗೆ ಬಿಟ್ರೆ ನೀರು ನಮ್ಮ ಮನೆಗೇ ನುಗ್ತದೆ.’

ಹುಡುಗಿ ನಗುತ್ತಾ ಅಂಗೈಯಿಂದ ಕೋಡಿಯನ್ನು ಒರೆಸಿದಳು. ಆ ಹೆಂಗಸೇ ಬಗ್ಗಿ, ಪುಡಿ ಹಿಡಿದು, ಒಂದೇ ಎಳೆಯಲ್ಲಿ ಸರಿಯಾದ ಕಡೆಗೆ ಎಳೆದರು. ರಂಗೋಲಿ ಹಿಡಿದ ಕೈ, ನಮ್ಮ ವಿದ್ಯಾರ್ಥಿನಿಯದಕ್ಕಿಂತ ಪಳಗಿದ್ದು.

ಇದಕ್ಕೆ ಪಿಆರ್‌ಎ ಎನ್ನುತ್ತಾರೆ. ಊರಿನವರನ್ನೇ ಕೂರಿಸಿಕೊಂಡು ಊರನ್ನು ಓದುವ ವಿಧಾನ. ಕೃಷಿ ಪದವಿಯ ಕೊನೇ ವರ್ಷದಲ್ಲಿ ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಎಂಬ ಭಾಗವಿದೆ; ವಿದ್ಯಾರ್ಥಿಗಳ ಬಾಯಲ್ಲಿ ಬರೀ ‘ರಾವೆ’. ತಂಡ ತಂಡವಾಗಿ ಹಳ್ಳಿಗೆ ಬಂದು, ಬಾಡಿಗೆ ಮನೆಯಲ್ಲೋ ಸಮುದಾಯ ಭವನದಲ್ಲೋ ಉಳಿದು, ರೈತರ ಜೊತೆ ಗದ್ದೆ ಹೊಲ ತಿರುಗಬೇಕು. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜು ಇರುವುದರಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಊರುಗಳಿಗೆ ಈ ಮಕ್ಕಳ ಪರಿಚಯವಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2015ರಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ಹೆಸರಿನಡಿ ಇದನ್ನೂ ಸೇರಿಸಿ ಕೊನೇ ವರ್ಷವನ್ನೆಲ್ಲ ಕೈಕೆಲಸಕ್ಕೇ ಮೀಸಲಿಟ್ಟಿತು.

ನಾನು ಕೃಷಿಯವನಲ್ಲ. ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಆ ದಿನ ಅಲ್ಲಿದ್ದದ್ದು ನೆಂಟರ ಮನೆಗೆ ಹೋಗಿದ್ದೆ ಎಂಬ ಒಂದೇ ಕಾರಣಕ್ಕೆ. ಆದರೆ ನೆಲದ ಮೇಲಿನ ಆ ಕೋಡಿ ಅಳಿಸಿದ್ದನ್ನು ಕಂಡು ಹೊಟ್ಟೆಕಿಚ್ಚಾಯಿತು ಅಂತಲೇ ಹೇಳಬೇಕು. ಮೂವತ್ತು ಚಿಲ್ಲರೆ ವರ್ಷ ನನ್ನ ಕ್ಲಾಸಿನಲ್ಲಿ ಕೂತವರಲ್ಲಿ ಎಷ್ಟು ಜನ ಹೀಗೆ ತಪ್ಪನ್ನು ನಗುತ್ತಾ ಒರೆಸಿದ್ದರು?

ನಮ್ಮಲ್ಲಿ ಪಾಠವನ್ನು ‘ಒಪ್ಪಿಸುತ್ತಾರೆ’. ಮಗ್ಗಿ ಒಪ್ಪಿಸು, ಪದ್ಯ ಒಪ್ಪಿಸು, ನ್ಯೂಟನ್ನನ ನಿಯಮ ಒಪ್ಪಿಸು. ಸಾಲ ತೀರಿಸುವವನು ಹಣ ಒಪ್ಪಿಸಿದಂತೆ, ಮೇಷ್ಟ್ರು ಕೊಟ್ಟದ್ದನ್ನು ಮೇಷ್ಟ್ರಿಗೇ ಒಪ್ಪಿಸಿ ಕೈತೊಳೆದುಕೊಳ್ಳುವುದು. ಒಪ್ಪುವುದೋ ಬಿಡುವುದೋ ಎಂಬ ಮಾತು ಮಧ್ಯೆ ಎಲ್ಲೂ ಬರುವುದಿಲ್ಲ.

ಹಳೆಯ ಜಗಲಿ ಮಠಗಳೂ ಹೀಗೇ ಇದ್ದವು ಎನ್ನುವವರಿದ್ದಾರೆ. ಅರ್ಧ ಮಾತ್ರ ನಿಜ. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ಅನಾಥಾಲಯವೊಂದರ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಅಲ್ಲಿನ ನಾಡಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಬೆರಳಲ್ಲಿ ಅಕ್ಷರ ತಿದ್ದುವುದನ್ನು ಕಂಡ. ತನ್ನ ಶಾಲೆಯಲ್ಲೂ ಮರಳು ಹರಡಿಸಿ, ಬಲ್ಲ ಹುಡುಗನಿಂದ ಅರಿಯದ ಹುಡುಗನಿಗೆ ಹೇಳಿಕೊಡಿಸಿದ. 1797ರಲ್ಲಿ ಅದರ ವರದಿಯನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಲ್ಲೇ ಅದು ಇಂಗ್ಲೆಂಡಿನ ಶಾಲೆಗಳಲ್ಲಿ ಹಬ್ಬಿತು. ಖರ್ಚು ಉಳಿಯುತ್ತದೆ ಎಂಬುದೇ ಅವರಿಗೆ ದೊಡ್ಡ ಆಕರ್ಷಣೆ, ಅದು ಬೇರೆ ಮಾತು. ಮರಳಿನ ಅನುಕೂಲವೇನೆಂದರೆ ಅಳಿಸಬಹುದು. ತಪ್ಪಿಗೆ ದಾಖಲೆ ಉಳಿಯುವುದಿಲ್ಲ.

ನಮ್ಮ ವಿಜ್ಞಾನ ಕಾಲೇಜಿನಲ್ಲಿ ಎಲ್ಲಕ್ಕೂ ರೆಕಾರ್ಡು. ಅದೂ ಶಾಯಿಯಲ್ಲಿ.

ನಾನು ಓದಿದ ಕಾಲೇಜಿನ ಹೆಸರು ಬೇಡ. ಅಲ್ಲಿ ಲೋಲಕದ ಪ್ರಯೋಗ ಇತ್ತು. ದಾರಕ್ಕೆ ಗುಂಡು ಕಟ್ಟಿ, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚ್ ಒತ್ತಿ, ಗುರುತ್ವ ವೇಗೋತ್ಕರ್ಷ ಕಂಡುಹಿಡಿಯಬೇಕು. ಉತ್ತರ ಸುಮಾರು 980 ಬರಬೇಕು ಎಂಬುದು ಪ್ರಯೋಗಕ್ಕೆ ಮುಂಚೆಯೇ ಎಲ್ಲರಿಗೂ ಗೊತ್ತು. ಹಾಗಾಗಿ 980ರಿಂದ ಹಿಂದಕ್ಕೆ ಲೆಕ್ಕ ಮಾಡಿ ಸೆಕೆಂಡು ಬರೆಯುತ್ತಿದ್ದೆವು. ಇದಕ್ಕೆ ‘ರೀಡಿಂಗ್ ಕುಕ್ ಮಾಡೋದು’ ಎನ್ನುತ್ತಿದ್ದೆವು. ಒಂದು ಸಲ ಪ್ರಾಮಾಣಿಕನಾಗಿ ಅಳೆದು 1086 ಬರೆದೆ. ರೆಕಾರ್ಡಿನ ಮೇಲೆ ಕೆಂಪು ಗೀಟು ಬಿತ್ತು. ಆಂದೋಲನವನ್ನು ‘ಒಂದು’ ಎಂದು ಎಣಿಸಲು ಶುರು ಮಾಡಿದೆಯೋ ‘ಸೊನ್ನೆ’ ಎಂದೋ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೈ ಹೇಗೆ ತಪ್ಪುತ್ತದೆ ಎಂಬುದು ಅಂದೇ ತಿಳಿಯುತ್ತಿತ್ತು. ಯಾರೂ ಕೇಳಲಿಲ್ಲ. ನಾಚಿಕೆಯ ಸಂಗತಿ ಎಂದರೆ, ಮುಂದೆ ಅದೇ ಕೆಂಪು ಪೆನ್ನು ಹಿಡಿದು ನಾನೂ ಬಹಳ ವರ್ಷ ಕೇಳಲಿಲ್ಲ.

ನಾನು ಬದಲಾದದ್ದು ಬುದ್ಧಿ ಬಂದು ಅಲ್ಲ, ಗಂಟಲು ಕೆಟ್ಟು. ಒಂದು ಮಳೆಗಾಲ ದನಿ ಕೂತುಹೋಗಿ, ಪಾಠ ಮಾಡಲಾಗದೆ, ಸೀಮೆಸುಣ್ಣದ ತುಂಡನ್ನು ಮೇಲಕ್ಕೆ ಎಸೆದು ಹಿಡಿದು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆದೆ: ಇದು ತುತ್ತತುದಿ ಮುಟ್ಟಿದ ಕ್ಷಣ ವೇಗ ಸೊನ್ನೆ, ಸರಿ, ವೇಗೋತ್ಕರ್ಷ ಎಷ್ಟು? ಕೈಯೆತ್ತಿಸಿದರೆ ಮುಕ್ಕಾಲು ಕ್ಲಾಸು ‘ಸೊನ್ನೆ’ ಎಂದಿತು. ಹಿಂದಿನ ವಾರವಷ್ಟೇ ಅದೇ ಮಕ್ಕಳು ಅದೇ ಅಧ್ಯಾಯದ ಲೆಕ್ಕಗಳನ್ನು ತಪ್ಪಿಲ್ಲದೆ ಮಾಡಿದ್ದರು. ಪಕ್ಕದವರ ಜೊತೆ ಮಾತಾಡಿಕೊಳ್ಳಿ ಎಂದು ಸನ್ನೆ ಮಾಡಿ ಕೂತೆ.

ಗದ್ದಲವೆದ್ದಿತು. ಮಾವಿನಕೆರೆ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬರುವ, ದಿನಾ ಹತ್ತು ನಿಮಿಷ ತಡವಾಗಿ ಬಂದು ಕೊನೇ ಬೆಂಚಿನಲ್ಲಿ ಕೂರುವ ಹುಡುಗನೊಬ್ಬ ಮುಂದಿನವನ ಬೆನ್ನಿಗೆ ಗುದ್ದಿ ಹೇಳಿದ್ದು ನನಗೂ ಕೇಳಿಸಿತು: ‘ವೇಗಾನೂ ಇಲ್ಲ, ಎಳೆಯೋದೂ ಇಲ್ಲ ಅಂದ್ರೆ ಅದು ಅಲ್ಲೇ ನೇತಾಡ್ಬೇಕಿತ್ತಲ್ಲೋ! ಯಾಕೋ ಕೆಳಕ್ ಬಂತು?’

ಎರಡನೇ ಸಲ ಕೈಯೆತ್ತಿಸಿದಾಗ ಲೆಕ್ಕ ತಿರುವುಮುರುವಾಗಿತ್ತು. ವರ್ಷಗಟ್ಟಲೆ ನಾನು ಇಂಗ್ಲಿಷಿನಲ್ಲಿ, ಸಮೀಕರಣದಲ್ಲಿ, ಚಿತ್ರದಲ್ಲಿ ಹೇಳಿದ್ದನ್ನು ‘ಅಲ್ಲೇ ನೇತಾಡ್ಬೇಕಿತ್ತಲ್ಲೋ’ ಎಂಬ ಒಂದು ಮಾತು ಎರಡು ನಿಮಿಷದಲ್ಲಿ ಮಾಡಿ ಮುಗಿಸಿತ್ತು.

ಇದೇನೋ ನನ್ನದೇ ಶೋಧ ಎಂದು ಕೆಲಕಾಲ ಬೀಗಿದೆ. ಆಮೇಲೆ ತಿಳಿಯಿತು, ಹಾರ್ವರ್ಡಿನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಝೂರ್ 1991ರಿಂದಲೇ ಇದನ್ನು ಕ್ರಮವಾಗಿ ಮಾಡುತ್ತಿದ್ದರು. 1997ರಲ್ಲಿ ಪುಸ್ತಕವನ್ನೂ ಬರೆದರು. ಅವರ ವಿದ್ಯಾರ್ಥಿಗಳೂ ಕಠಿಣ ಲೆಕ್ಕ ಬಿಡಿಸಿ, ಬಲದ ಬಗ್ಗೆ ಸರಳ ಪ್ರಶ್ನೆ ಕೇಳಿದರೆ ಎಡವುತ್ತಿದ್ದರಂತೆ. ಅಂಥದೊಂದು ಪರೀಕ್ಷೆಯ ದಿನ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದಂತೆ ಉತ್ತರಿಸಲೋ, ನನಗೆ ಅನ್ನಿಸಿದಂತೆ ಉತ್ತರಿಸಲೋ ಎಂದು ಕೇಳಿದ್ದೇ ಅವರ ಕಣ್ಣು ತೆರೆಸಿತು. ಅರ್ಥ ಮಾಡಿಕೊಂಡು ಒಂದು ವಾರವಾದವನು ಇನ್ನೂ ಅರ್ಥವಾಗದವನ ತೊಡಕನ್ನು ಮರೆತಿರುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಅರ್ಥ ಮಾಡಿಕೊಂಡ ಮೇಷ್ಟ್ರು ಮರೆತಿರುತ್ತಾರೆ. ಗೆಳೆಯನ ವಿವರಣೆ ಕೆಲಸ ಮಾಡುವುದು ಅದಕ್ಕೇ.

ಲೆಕ್ಕಾಚಾರ ಬೇಕೆನ್ನುವವರಿಗೆ 2014ರ ಒಂದು ಅಮೆರಿಕನ್ ಅಧ್ಯಯನವಿದೆ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಕಾಲೇಜು ತರಗತಿಗಳ 225 ಅಧ್ಯಯನಗಳನ್ನು ಒಟ್ಟುಹಾಕಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇ 33.8 ಮಂದಿ ಫೇಲಾದರೆ, ವಿದ್ಯಾರ್ಥಿಗಳೇ ಕೈಯಾಡಿಸಿ ಮಾತಾಡಿ ಕಲಿಯುವ ತರಗತಿಗಳಲ್ಲಿ ಶೇ 21.8. ಒಂದು ಬೆಂಚಿನಲ್ಲಿ ಐದು ಜನ ಇಕ್ಕಟ್ಟಾಗಿ ಕೂರುವ ನಮ್ಮ ಕ್ಲಾಸಿಗೆ ಈ ಅಂಕಿ ಹಾಗೇ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ. ದಿಕ್ಕಂತೂ ಅದೇ.

ಆದರೆ ಈ ವಿಧಾನದ ಮೊದಲ ವಿರೋಧಿಗಳು ಯಾರು ಗೊತ್ತೆ? ಪ್ರಿನ್ಸಿಪಾಲರಲ್ಲ, ಮಕ್ಕಳೇ. ‘ಸಾರ್ ಪಾಠಾನೇ ಮಾಡಲ್ಲ, ನೋಟ್ಸೂ ಕೊಡಲ್ಲ, ನಮ್ಮನ್ನೇ ಮಾತಾಡ್ಕೊಳಿ ಅಂತಾರೆ’ ಎಂದು ನನ್ನ ಮೇಲೂ ದೂರು ಹೋಯಿತು. ಬಹಳ ನೊಂದುಕೊಂಡೆ. 2019ರಲ್ಲಿ ಹಾರ್ವರ್ಡಿನದೇ ಇನ್ನೊಂದು ಅಧ್ಯಯನ ಓದಿದ ಮೇಲೆ ಸಮಾಧಾನವಾಯಿತು. ಚರ್ಚಿಸಿ ಕಲಿತ ಮಕ್ಕಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದರೂ ತಾವು ಕಡಿಮೆ ಕಲಿತೆವೆಂದೇ ಭಾವಿಸಿದ್ದರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ತಿಳಿಯಿತು ಎಂಬ ಭ್ರಮೆ. ಒಳ್ಳೇ ಹರಿಕಥೆ ಕೇಳಿ ಬಂದವನಿಗೆ ತಾನೂ ಹಾಡಬಲ್ಲೆ ಎನ್ನಿಸಿದಂತೆ.

ನಮ್ಮಲ್ಲಿ ಹೀಗೆ ಮಾತಾಡಿ ಕಲಿಯುವುದಕ್ಕೆ ಒಂದು ಹೆಚ್ಚುವರಿ ಬೀಗವಿದೆ, ಭಾಷೆಯದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ವಾರದಲ್ಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ದಡ್ಡಿ ಎಂದು ಮೇಷ್ಟ್ರು ತಿಳಿಯುತ್ತಾರೆ. ಅವಳೂ ಹಾಗೇ ತಿಳಿಯುತ್ತಾಳೆ, ಅದು ಇನ್ನೂ ಕೆಟ್ಟದ್ದು. ಪಠ್ಯ, ಪರೀಕ್ಷೆ ಇಂಗ್ಲಿಷಿನಲ್ಲಿರಲಿ, ಜಗಳವಾದರೂ ಕನ್ನಡದಲ್ಲಿ ಆಗಲಿ ಎಂಬುದು ನನ್ನ ವಾದ. ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದ್ದರು. ಅದು ಎರಡು ವರ್ಷ ನಡೆಯಿತು. ನೂರು ವರ್ಷ ದಾಟಿದರೂ ವಿಜ್ಞಾನದ ಕ್ಲಾಸಿನಲ್ಲಿ ಕನ್ನಡ ಮಾತಾಡಲು ನಾವು ಬಾಗಿಲ ಕಡೆ ನೋಡಿಕೊಳ್ಳುತ್ತೇವೆ.

ಬಾಗಿಲ ಆಚೆಗೇ ಹೋದವರು ಬಿ.ಜಿ.ಎಲ್. ಸ್ವಾಮಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಈ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವವನ್ನೇ ‘ಹಸುರು ಹೊನ್ನು’ ಮಾಡಿದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಾಹಿತ್ಯದವರು ಅದನ್ನು ಲಲಿತ ಗದ್ಯವೆಂದು ಓದುತ್ತಾರೆ. ನಾನು ಬೋಧನ ಕ್ರಮದ ಪುಸ್ತಕವೆಂದೇ ಓದಿದ್ದು. ಬಿ.ಎಡ್. ಕಾಲೇಜಿನವರು ಯಾಕೆ ಹಾಗೆ ಓದಿಸುವುದಿಲ್ಲವೋ.

ನಮ್ಮ ರಾಜ್ಯದಲ್ಲಿ ಪದವಿ 2021ರಲ್ಲಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರು ವರ್ಷದ್ದಾಯಿತು. ಪಠ್ಯಕ್ರಮ ಬದಲಿಸುವವರು ಬೆಂಚಿನ ಬಗ್ಗೆ ಯೋಚಿಸಿದ್ದನ್ನು ಕಾಣೆ.

ಹಾಗಂತ ಕೃಷಿ ಕಾಲೇಜಿನ ರಾವೆಯೇ ರಾಮಬಾಣ ಎಂದಲ್ಲ. ಬ್ಯಾನರ್ ಹಿಡಿದು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು, ಸಂಜೆ ರೂಮಿನಲ್ಲಿ ಕೂತು ‘ರೈತರಿಗೆ ಮಾಹಿತಿ ನೀಡಲಾಯಿತು’ ಎಂದು ಬರೆಯುವ ತಂಡಗಳನ್ನೂ ಕಂಡಿದ್ದೇನೆ. ಅದೂ ಕುಕ್ ಮಾಡಿದ ರೀಡಿಂಗೇ. ವ್ಯತ್ಯಾಸ ಇಷ್ಟೇ: ಹಳ್ಳಿಯಲ್ಲಿ ಎದುರಿಗಿರುವವರಿಗೆ ಅಂಕ ಕೊಡುವ ಅಧಿಕಾರವೂ ಇಲ್ಲ, ಸುಮ್ಮನಿರುವ ದರ್ದೂ ಇಲ್ಲ.

ರಂಗೋಲಿಯಲ್ಲಿ ಊರು ಬಿಡಿಸಿದ ಆ ದಿನದ ಮಧ್ಯಾಹ್ನವೇ ಇದನ್ನು ನೋಡಿದೆ. ಕೆರೆ ಕೆಳಗಿನ ಗದ್ದೆಗೆ ಒಟ್ಲು ಬಿಡುವ ಹೊತ್ತು. ಬಿತ್ತನೆ ಭತ್ತದ ಜೊಳ್ಳು ತೆಗೆಯುವ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದರು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರು, ಪಕ್ಕದಲ್ಲಿ ಕಲ್ಲುಪ್ಪಿನ ಚೀಲ, ಒಂದು ಕೋಳಿಮೊಟ್ಟೆ. ಬರೀ ನೀರಿನಲ್ಲಿ ಮೊಟ್ಟೆ ಮುಳುಗಿತು. ಕೆರೆ ಬಿಡಿಸಿದ ಹುಡುಗಿಯೇ ಹಿಡಿ ಹಿಡಿಯಾಗಿ ಉಪ್ಪು ಹಾಕಿ ಕದಡಿದಳು. ಸಾಕಷ್ಟು ಕರಗಿದಾಗ ಮೊಟ್ಟೆ ಮೆಲ್ಲಗೆ ಎದ್ದು, ನೀರಿನ ಮೇಲೆ ನಾಣ್ಯದಗಲ ತಲೆ ಹಾಕಿತು. ಈಗ ಭತ್ತ ಸುರಿದರೆ ಗಟ್ಟಿ ಕಾಳು ತಳಕ್ಕೆ, ಜೊಳ್ಳು ಮೇಲಕ್ಕೆ. ಮೇಲಿನದನ್ನು ತೆಗೆದು, ತಳದ ಕಾಳನ್ನು ಒಳ್ಳೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು, ಇಲ್ಲದಿದ್ದರೆ ಉಪ್ಪು ಮೊಳಕೆಯನ್ನು ಕೆಡಿಸುತ್ತದೆ. ಅಚ್ಚುಕಟ್ಟಾಗಿ ಹೇಳಿದಳು. ರೈತರು ತಲೆದೂಗಿದರು. ಒಬ್ಬರು ಎದ್ದೂ ನಿಂತರು.

ಜಗಲಿ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ ಅಜ್ಜಿ ಒಪ್ಪಲಿಲ್ಲ. ‘ಯಾವತ್ತಿನ ಮೊಟ್ಟೆ ಮಗ ಅದು?’

‘ಅಂಗಡೀಲಿ ತಂದಿದ್ದು ಅಜ್ಜಿ.’

‘ಅದೇ ಕೇಳಿದ್ದು. ಹಳೇ ಮೊಟ್ಟೆ ಉಪ್ಪಿಲ್ದೆನೂ ತೇಲ್ತದಲ್ಲ. ಕಾವಿಗೆ ಇಡೋವಾಗ ನೀರಲ್ಲಿ ಬಿಟ್ಟು ನೋಡೋದು ಅದುಕ್ಕೇ ತಾನೆ. ಅರೆಹಳೇದು ಇಟ್ಕಂಡು ಉಪ್ಪು ಕಮ್ಮಿ ಹಾಕುದ್ರೆ ಜೊಳ್ಳು ತಳದಲ್ಲೇ ಉಳಿತದೆ.’

ಹುಡುಗಿ ಬಕೆಟ್ಟನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಜೊತೆಯವರನ್ನು ನೋಡಿದಳು. ಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ರಂಧ್ರಗಳಿವೆ, ದಿನ ಕಳೆದಂತೆ ಒಳಗಿನ ತೇವ ಆರಿ ಗಾಳಿಯ ಗೂಡು ಹಿಗ್ಗುತ್ತದೆ, ಗಾತ್ರ ಅಷ್ಟೇ ಇದ್ದು ತೂಕ ಇಳಿಯುತ್ತದೆ ಎಂಬುದೆಲ್ಲ ನನ್ನ ನಾಲಗೆ ತುದಿಗೆ ಬಂದಿತ್ತು. ಕಷ್ಟಪಟ್ಟು ತಡೆದುಕೊಂಡೆ. ಹುಡುಗಿ ಜೊತೆಯವನ ಕಡೆ ತಿರುಗಿ, ‘ಹಂಗಾದ್ರೆ ಡೆನ್ಸಿಟಿ ಗೊತ್ತಾಗೋಕೆ ಮೊಟ್ಟೆ ಡೆನ್ಸಿಟೀನೇ ಮೊದ್ಲು ಗೊತ್ತಿರ್ಬೇಕಲ್ಲೋ’ ಎಂದಳು. ಅವನು, ‘ಹೈಡ್ರೋಮೀಟರ್ ಇದ್ದಿದ್ರೆ…’ ಎಂದ. ‘ಇಲ್ಲಿ ಯಾರ ಮನೇಲಿ ಐತೋ ಅದು?’ ಎಂದು ಅವಳು ಗದರಿದಳು.

ಅಷ್ಟರಲ್ಲಿ ಅಜ್ಜಿ ಒಳಗೆ ಹೋಗಿ, ಮಂಕರಿಯಡಿಯಿಂದ ಆ ಬೆಳಿಗ್ಗೆ ಇಟ್ಟ ಮೊಟ್ಟೆ ತಂದು, ಸೆರಗಲ್ಲಿ ಒರೆಸಿ, ಬಕೆಟ್ಟಿಗೆ ಬಿಟ್ಟರು. ಅಂಗಡಿಯ ಮೊಟ್ಟೆ ತೇಲುತ್ತಲೇ ಇತ್ತು. ಅಜ್ಜಿಯದು ತಳಕ್ಕೆ ಹೋಗಿ ಕೂತಿತು. ಹುಡುಗಿ ಮಾತಿಲ್ಲದೆ ಉಪ್ಪಿನ ಚೀಲವನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು.