ಹೆರಿಗೆ ಕೋಣೆಗೆ ಬಂದ ಬಿಸಿಲು

ಹೇಮಾವತಿ ಹರಿದ ವರ್ಷ ಕಳ್ಳಂಬೆಳ್ಳ ಕೆರೆ ಏರಿಯ ಮೇಲೆ ನಿಂತವರಿಗೆ ಇದು ಬಯಲುಸೀಮೆ ಅಂದರೆ ನಂಬಿಕೆ ಬರುವುದಿಲ್ಲ. ಅಡಿಕೆ, ತೆಂಗು ದಾಟಿ ಒಳಗೆ ಹೋದರೆ ಸಿರಾ ಸೀಮೆಯ ಅಸಲಿ ಮುಖ ಕಾಣುತ್ತದೆ: ಕೆಂಪು ಮಣ್ಣು, ಕಡಲೆಕಾಯಿ ಹೊಲ, ಜಾಲಿಯ ನೆರಳು ಹುಡುಕುವ ಕುರಿಮಂದೆ, ಹತ್ತು ಗಂಟೆಗೇ ಚುರುಗುಟ್ಟುವ ಬಿಸಿಲು.

ಈ ಬಿಸಿಲಿಗೆ ಬೆಲೆ ಕಟ್ಟಿದ್ದು ಹತ್ತಿರದ ಪಾವಗಡ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ 13,000 ಎಕರೆಯ ಸೋಲಾರ್ ಪಾರ್ಕ್, 2,050 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಟವರ್‌ಗಳ ಮೇಲೆ ಹತ್ತಿ ಊರು ದಾಟಿ ಹೋಗುತ್ತದೆ. ಹಳ್ಳಿ ಆಸ್ಪತ್ರೆಗೆ ಬರುವುದು ಮಾತ್ರ ಅದೇ ಹಳೇ ಕಂಬದ ತಂತಿಯಲ್ಲಿ. ಮುಂಗಾರಿಗೆ ಮುಂಚಿನ ಒಂದು ಗಾಳಿ ಸಾಕು, ಹುಣಸೆ ಕೊಂಬೆ ತಂತಿ ಮೇಲೆ.

ಇಂಥ ಗಾಳಿಯ ರಾತ್ರಿಯಲ್ಲಿ ಈ ಸೀಮೆಯ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆ ನೋಡಿ. ಹೊರಗೆ ಬೆಂಚಿನ ಮೇಲೆ ಟವೆಲ್ ಹೊದ್ದ ಅಜ್ಜಿ, ಫ್ಲಾಸ್ಕ್ ಹಿಡಿದ ಅತ್ತೆ. ಒಳಗೆ ಸಿಸ್ಟರು. ಕರೆಂಟ್ ಹೋದರೆ ಲಸಿಕೆಗೇನೂ ತಕ್ಷಣ ಆಗುವುದಿಲ್ಲ; ಲಸಿಕೆ ಇಡುವ ಐಎಲ್‌ಆರ್ ಫ್ರಿಜ್ ಪೆಟ್ಟಿಗೆಯ ಗೋಡೆಯೊಳಗೇ ಮಂಜುಗಡ್ಡೆ ಇರುತ್ತದೆ, ಮುಚ್ಚಳ ತೆಗೆಯದಿದ್ದರೆ 2ರಿಂದ 8 ಡಿಗ್ರಿ ತಂಪನ್ನು ಗಂಟೆಗಟ್ಟಲೆ ಹಿಡಿದಿಡುತ್ತದೆ. ದೀಪಕ್ಕೂ ದಾರಿಯಿದೆ, ಯಾರಾದರೂ ಮೊಬೈಲ್ ಟಾರ್ಚ್ ಹಿಡಿಯುತ್ತಾರೆ. ಆಗದ್ದು ಬೇಬಿ ವಾರ್ಮರ್. ಆಗಷ್ಟೇ ಹುಟ್ಟಿದ ಒದ್ದೆ ಮೈಯ ಕೂಸಿಗೆ ಮೇಲಿನಿಂದ ಕಾವು ಕೊಡುವ ಆ ಯಂತ್ರ ಹತ್ತಾರು ಎಲ್‌ಇಡಿ ಬಲ್ಬುಗಳಷ್ಟು ಕರೆಂಟನ್ನು ತಾನೊಂದೇ ನುಂಗುತ್ತದೆ. ಹಳೇ ಯುಪಿಎಸ್ ಕುಯ್ಯೋ ಅಂದು ಮಲಗಿಬಿಡುತ್ತದೆ. ಆಮೇಲೆ ತಾಯಿಯ ಎದೆಯೇ ವಾರ್ಮರ್.

‘ಮಾಳಿಗೆ ಮೇಲೆ ಸೋಲಾರ್ ಹಾಕ್ಸುದ್ರಾಯ್ತಪ್ಪ’ ಅನ್ನುವುದು ಸುಲಭ. ಬಿಲ್ ಉಳಿಸಲೆಂದು ಬೆಸ್ಕಾಂ ಲೈನಿಗೆ ಜೋಡಿಸಿ ಬ್ಯಾಟರಿ ಇಡದ ಸೋಲಾರ್ ಇದೆಯಲ್ಲ, ಕರೆಂಟ್ ಹೋದ ಕೂಡಲೇ ಅದೂ ನಿಲ್ಲುತ್ತದೆ, ಉರಿಬಿಸಿಲಿದ್ದರೂ. ನಿಲ್ಲಲೇಬೇಕು, ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು. ಹಾಗಾಗಿ ಆಸ್ಪತ್ರೆಯ ಮಟ್ಟಿಗೆ ಮಾಳಿಗೆಯ ಪ್ಯಾನೆಲ್‌ಗಿಂತ ಮೂಲೆಯ ಬ್ಯಾಟರಿ ದೊಡ್ಡದು ಅನ್ನುತ್ತೇನೆ ನಾನು. ಆರೋಗ್ಯ ಇಲಾಖೆ ಸೆಲ್ಕೋ ಫೌಂಡೇಶನ್ ಜತೆ ಸೇರಿ ರಾಜ್ಯದ 5,000 ಆರೋಗ್ಯ ಕೇಂದ್ರಗಳಿಗೆಂದು ಹಾಕಿಕೊಂಡ ‘ಸೌರ ಸ್ವಾಸ್ಥ್ಯ’ ಯೋಜನೆಯ ಜೀವಾಳವೂ ಅದೇ: ವಾರ್ಮರ್, ಫ್ರಿಜ್, ದೀಪ ಕತ್ತಲಲ್ಲೂ ನಡೆಯಬೇಕು.

ಹಾಕಿಸುವ ದಿನ ಟೇಪು, ಕತ್ತರಿ, ಫೋಟೊ ಎಲ್ಲ ಇರುತ್ತದೆ. ಆಮೇಲಿನದು ನೀರಸ ಕೆಲಸ. ಸಿರಾದ ಕೆಂಧೂಳು ಪ್ಯಾನೆಲ್ ಮೇಲೆ ಕೂತರೆ ಉತ್ಪತ್ತಿ ಇಳಿಯುತ್ತದೆ, ಕೋತಿಗಳು ವೈರು ಜಗ್ಗುತ್ತವೆ, ಹಿಂದಿನ ಹೊಂಗೆ ಮರ ಬೆಳೆದು ನೆರಳು ಚಾಚುತ್ತದೆ. ಬಕೆಟ್ ನೀರು ಹಿಡಿದು ಮಾಳಿಗೆ ಹತ್ತಬೇಕಾದ್ದು ಗ್ರೂಪ್ ಡಿ ನೌಕರರೋ, ಕಂಪನಿಯವರೋ? ಐದಾರು ವರ್ಷಕ್ಕೆ ಬ್ಯಾಟರಿ ಸತ್ತಾಗ ದುಡ್ಡು ಆರೋಗ್ಯ ರಕ್ಷಾ ಸಮಿತಿಯದೋ, ಇಲಾಖೆಯದೋ? ಪ್ಯಾನೆಲ್ ಮೇಲಕ್ಕೇರುವ ಮುನ್ನವೇ ಇದನ್ನು ಕಾಗದದಲ್ಲಿ ಬರೆಸಿಕೊಳ್ಳುವ ವೈದ್ಯಾಧಿಕಾರಿ ಇದ್ದ ಕಡೆ ಸೋಲಾರ್ ಬಾಳುತ್ತದೆ.