ಪತ್ರಿಕೋದ್ಯಮದಲ್ಲಿ ಪಿಎಚ್‌.ಡಿ: ಅರ್ಜಿಗೂ ಮೊದಲಿನ ಕೆಲಸ

ವಿಶ್ವವಿದ್ಯಾಲಯದ ಪಿಎಚ್‌.ಡಿ ಅಧಿಸೂಚನೆ ಹೊರಬಿದ್ದ ಮೇಲೆ ಅರ್ಜಿ ತುಂಬಲು ಸಿಗುವುದು ಕೆಲವೇ ವಾರ. ಶುಲ್ಕ ಕಟ್ಟಿ, ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಅಪ್‌ಲೋಡ್ ಮಾಡಲು ಅಷ್ಟು ಸಮಯ ಸಾಕು. ಮೂರರಿಂದ ಆರು ವರ್ಷ ಜೊತೆಗಿರಬೇಕಾದ ವಿಷಯವನ್ನು ಹುಡುಕಲು ಮಾತ್ರ ಸಾಲದು. ಮೈಸೂರು, ಮಂಗಳೂರು, ಧಾರವಾಡ, ಕಲಬುರಗಿ, ಶಂಕರಘಟ್ಟ, ತುಮಕೂರು, ವಿಜಯಪುರ, ಯಾವ ಊರಿನ ಪತ್ರಿಕೋದ್ಯಮ ವಿಭಾಗಕ್ಕೆ ಅರ್ಜಿ ಹಾಕುವವರಾದರೂ ಈ ಕೆಲಸವನ್ನು ಒಂದು ವರ್ಷ ಮೊದಲೇ ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅರ್ಹತೆಯ ಲೆಕ್ಕ. ದೇಶದ ಎಲ್ಲ ವಿಶ್ವವಿದ್ಯಾಲಯಗಳೂ ಈಗ ನಡೆಯುವುದು ಯುಜಿಸಿಯ 2022ರ ಪಿಎಚ್‌.ಡಿ ನಿಯಮಾವಳಿಯಂತೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5ರಷ್ಟು ವಿನಾಯಿತಿ ಇದೆ. ನಾಲ್ಕು ವರ್ಷದ ಪದವಿ ಮುಗಿಸಿದವರು ಶೇ 75 ಅಂಕ ಪಡೆದಿದ್ದರೆ ನೇರವಾಗಿ ಅರ್ಜಿ ಹಾಕಬಹುದು. ಕನ್ನಡ ಅಥವಾ ಸಮಾಜಶಾಸ್ತ್ರದಲ್ಲಿ ಎಂ.ಎ ಮಾಡಿ ವರದಿಗಾರರಾದವರಿಗೆ ಈ ವಿಭಾಗದಲ್ಲಿ ಪ್ರವೇಶ ಉಂಟೇ ಎಂಬುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬದಲಾಗುತ್ತದೆ. ಅಧಿಸೂಚನೆಯ ‘ಸಂಬಂಧಿತ ವಿಷಯಗಳು’ ಎಂಬ ಭಾಗವನ್ನು ಓದದೆ ಶುಲ್ಕ ಕಟ್ಟಬೇಡಿ.

ಪ್ರವೇಶಕ್ಕೆ ಎರಡು ದಾರಿಗಳಿವೆ. ಒಂದು, ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆ. ಅದರಲ್ಲಿ ಅರ್ಧ ಪ್ರಶ್ನೆಗಳು ಸಂಶೋಧನಾ ವಿಧಾನದ ಮೇಲೆ, ಉಳಿದರ್ಧ ವಿಷಯದ ಮೇಲೆ. ಶೇ 50 ಬಂದರೆ ಸಂದರ್ಶನಕ್ಕೆ ಅರ್ಹತೆ ಸಿಗುತ್ತದೆ. ಮೀಸಲಾತಿ ವರ್ಗಗಳಿಗೆ ಇಲ್ಲಿಯೂ ಶೇ 5 ಸಡಿಲಿಕೆ ಉಂಟು. ಕೊನೆಯ ಪಟ್ಟಿಯಲ್ಲಿ ಪರೀಕ್ಷೆಗೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಪತ್ರಿಕೋದ್ಯಮದವರು ಎಡವುವುದು ಹೆಚ್ಚಾಗಿ ಆ ಮೊದಲರ್ಧದಲ್ಲಿ. ಸಂವಹನ ಸಿದ್ಧಾಂತಗಳನ್ನು ಬಾಯಿಪಾಠ ಮಾಡಿರುತ್ತಾರೆ, ಆದರೆ ಸ್ಯಾಂಪ್ಲಿಂಗ್, ಪ್ರಾಕ್ಕಲ್ಪನೆ, ಕಂಟೆಂಟ್ ಅನಾಲಿಸಿಸ್ ಎಂದರೆ ಹಿಂಜರಿಯುತ್ತಾರೆ.

ಇನ್ನೊಂದು ದಾರಿ ನೆಟ್. ‘ಸಮೂಹ ಸಂವಹನ ಮತ್ತು ಪತ್ರಿಕೋದ್ಯಮ’ದ ವಿಷಯ ಸಂಕೇತ 63. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100, ಒಟ್ಟು 300 ಅಂಕ, ಮೂರು ಗಂಟೆ; ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 2024ರ ಜೂನ್‌ನಿಂದ ಫಲಿತಾಂಶವನ್ನು ಮೂರು ವರ್ಗವಾಗಿ ಕೊಡುತ್ತಿದ್ದಾರೆ. ಜೆಆರ್‌ಎಫ್ ಬಂದವರಿಗೆ ಸಂದರ್ಶನದ ಮೂಲಕ ಪ್ರವೇಶ. ಸಹಾಯಕ ಪ್ರಾಧ್ಯಾಪಕ ಅರ್ಹತೆ ಪಡೆದವರು, ಪಿಎಚ್‌.ಡಿಗೆ ಮಾತ್ರ ಅರ್ಹರಾದವರು ಉಳಿದೆರಡು ವರ್ಗ. ಅವರ ನೆಟ್ ಅಂಕಕ್ಕೂ ಶೇ 70 ತೂಕ, ಆದರೆ ಆ ಅಂಕ ಪ್ರವೇಶಕ್ಕೆ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಜೆಆರ್‌ಎಫ್ ಇದ್ದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ಬರುತ್ತದೆ. ಬಡ ಮನೆಯ ವಿದ್ಯಾರ್ಥಿಗೆ ಇದು ಸಂಶೋಧನೆ ಮುಗಿಸುವುದಕ್ಕೂ ನಡುವೆ ಬಿಡುವುದಕ್ಕೂ ಇರುವ ಅಂತರ. ಆದ್ದರಿಂದ ಜೆಆರ್‌ಎಫ್‌ನ ವಯೋಮಿತಿ ದಾಟುವ ಮೊದಲು ನೆಟ್ ಬರೆಯಿರಿ ಎಂದು ಒತ್ತಿ ಹೇಳುತ್ತೇನೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುವುದರಿಂದ, ಕನ್ನಡದಲ್ಲಿ ಓದಿದವರು ಪಾರಿಭಾಷಿಕ ಪದಗಳನ್ನು ಇಂಗ್ಲಿಷ್‌ನಲ್ಲೂ ರೂಢಿಸಿಕೊಳ್ಳಬೇಕು. ಕೆ-ಸೆಟ್ ಪಾಸಾದವರಿಗೆ ಪ್ರವೇಶ ಪರೀಕ್ಷೆಯಿಂದ ವಿನಾಯಿತಿ ಇದೆಯೇ ಎಂಬುದಕ್ಕೂ ಆಯಾ ಅಧಿಸೂಚನೆಯೇ ಆಧಾರ.

ಇಷ್ಟು ದಾಟಿದರೂ ಸೀಟು ನಿಲ್ಲುವುದು ಸಂಶೋಧನಾ ಪ್ರಸ್ತಾವದ ಮೇಲೆ, ಎಲ್ಲರೂ ಸಿನಾಪ್ಸಿಸ್ ಎನ್ನುವ ಆ ಕೆಲವು ಪುಟಗಳ ಮೇಲೆ. ‘ಯುವಜನರ ಮೇಲೆ ಸಾಮಾಜಿಕ ಮಾಧ್ಯಮಗಳ ಪ್ರಭಾವ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಹಿಡಿದು ಬಂದವರನ್ನು ಸಮಿತಿ ಕೇಳುವುದು ಮೂರೇ ಪ್ರಶ್ನೆ: ಯಾವ ಯುವಜನರು, ಯಾವ ಮಾಧ್ಯಮ, ಪ್ರಭಾವವನ್ನು ಅಳೆಯುವುದು ಹೇಗೆ? ಅಲ್ಲಿಗೆ ಮಾತು ನಿಂತುಹೋಗುತ್ತದೆ.

ಅದರ ಬದಲು ಇದನ್ನು ನೋಡಿ. 2015ರಲ್ಲಿ ನರಗುಂದದಲ್ಲಿ ರೈತರು ಮಹದಾಯಿ ನೀರಿಗಾಗಿ ಧರಣಿ ಕೂತರು. ಒಂದೇ ಪತ್ರಿಕೆಯ ಹುಬ್ಬಳ್ಳಿ ಆವೃತ್ತಿ ಮತ್ತು ಬೆಂಗಳೂರು ಆವೃತ್ತಿಗಳು ಆ ಸುದ್ದಿಯಲ್ಲಿ ಯಾರ ಮಾತನ್ನು ಉಲ್ಲೇಖಿಸಿದವು? ರೈತರದೋ, ಮಂತ್ರಿಗಳದೋ, ಅಧಿಕಾರಿಗಳದೋ? ಇದು ಉತ್ತರ ಸಿಗುವ ಪ್ರಶ್ನೆ. ಹಳೆಯ ಸಂಚಿಕೆಗಳು ಗ್ರಂಥಾಲಯದಲ್ಲೋ ಪತ್ರಿಕೆಯ ಕಚೇರಿಯಲ್ಲೋ ಸಿಗುತ್ತವೆ, ಎಣಿಸುವ ವಿಧಾನ ಗೊತ್ತಿದೆ, ಬೇಕೆನಿಸಿದರೆ ಅಂದು ವರದಿ ಮಾಡಿದವರನ್ನೂ ಧರಣಿ ಕೂತವರನ್ನೂ ಮಾತನಾಡಿಸಬಹುದು. ನಮ್ಮ ಸಮಾಜಕ್ಕೆ ಆ ಉತ್ತರ ಬೇಕೂ ಬೇಕು.

ಪ್ರಶ್ನೆ ಚಿಕ್ಕದಾಯಿತೆಂದು ಅಂಜಬೇಡಿ. ಅಜೆಂಡಾ ಸೆಟ್ಟಿಂಗ್ ಸಿದ್ಧಾಂತವನ್ನು ಎಲ್ಲರೂ ಓದಿರುತ್ತಾರೆ. ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಅದನ್ನು ಕಟ್ಟಿದ್ದು 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ, ಚಾಪೆಲ್ ಹಿಲ್ ಎಂಬ ಒಂದೇ ಊರಿನಲ್ಲಿ, ಯಾರಿಗೆ ಮತ ಹಾಕುವುದೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿ. ಅವರು ಮುಖ್ಯವೆಂದ ಸಂಗತಿಗಳನ್ನೂ ಮಾಧ್ಯಮಗಳು ಎತ್ತಿ ತೋರಿಸಿದ ಸಂಗತಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 1972ರಲ್ಲಿ ಪ್ರಕಟವಾದ ಆ ಲೇಖನದ ಬಲ ಇರುವುದು ಪ್ರಶ್ನೆಯ ಹರಿತದಲ್ಲಿ.

ವಿಷಯ ಹೊಳೆದ ಮೇಲೆ ಶೋಧಗಂಗಾ ಜಾಲತಾಣಕ್ಕೆ ಹೋಗಿ. ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಅಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ನಿಮ್ಮ ವಿಷಯಕ್ಕೆ ಹತ್ತಿರದ ಐದಾರು ಪ್ರಬಂಧಗಳ ಕೊನೆಯ ಅಧ್ಯಾಯ ಓದಿದರೆ ಎಲ್ಲಿ ಕೆಲಸ ಬಾಕಿ ಉಳಿದಿದೆ ಎಂಬುದು ಕಾಣುತ್ತದೆ, ಮಾರ್ಗದರ್ಶಕರ ಹೆಸರುಗಳೂ ಅಲ್ಲೇ ಸಿಗುತ್ತವೆ. ಓದಿದ್ದನ್ನು ಎತ್ತಿ ಬರೆಯಬೇಡಿ. ಮಹಾಪ್ರಬಂಧ ಸಲ್ಲಿಸುವಾಗ ಕೃತಿಚೌರ್ಯ ಪರೀಕ್ಷೆ ಇದ್ದೇ ಇದೆ. ಹೋಲಿಕೆ ಶೇ 10 ದಾಟಿದರೆ ತೊಂದರೆ.

ಗೈಡ್ ಸಿಗುವುದು ಬೇರೆಯದೇ ಲೆಕ್ಕ. ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಏಕಕಾಲಕ್ಕೆ ಎಂಟು ಮಂದಿ, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು, ಇದಕ್ಕಿಂತ ಹೆಚ್ಚು ಸಂಶೋಧನಾರ್ಥಿಗಳು ಇರುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಕಾಯಂ ಅಧ್ಯಾಪಕರೇ ಕಡಿಮೆ ಇರುವ ನಮ್ಮ ವಿಭಾಗಗಳಲ್ಲಿ ಖಾಲಿ ಸ್ಥಾನ ಎರಡೋ ಮೂರೋ ಇರುತ್ತದೆ, ಅದೂ ರೋಸ್ಟರ್ ಪ್ರಕಾರ ಹಂಚಿಕೆಯಾಗುತ್ತದೆ. ಹೀಗಾಗಿ ಅರ್ಜಿಗೆ ಮುನ್ನವೇ ವಿಭಾಗಕ್ಕೆ ಹೋಗಿ ಬನ್ನಿ. ಎರಡು ಪುಟದ ಟಿಪ್ಪಣಿ ಕೈಯಲ್ಲಿರಲಿ. ‘ಸರ್, ನಿಮ್ಮ ಈ ಲೇಖನ ಓದಿದೆ, ನನ್ನ ಪ್ರಶ್ನೆ ಇದು’ ಎಂದು ಶುರುವಾಗುವ ಮಾತಿಗೆ ಬಹುತೇಕ ಅಧ್ಯಾಪಕರು ಕಿವಿಗೊಡುತ್ತಾರೆ. ಮಹಾಪ್ರಬಂಧವನ್ನು ಕನ್ನಡದಲ್ಲಿ ಬರೆಯಬಹುದೇ ಎಂಬುದನ್ನೂ ಅಂದೇ ಕೇಳಿಕೊಳ್ಳಿ.

ಸೀಟು ಸಿಕ್ಕ ಮೇಲೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇರುತ್ತದೆ, ಅದರಲ್ಲಿ ಶೇ 55 ಬರಲೇಬೇಕು. ಮಹಿಳೆಯರಿಗೆ ಒಟ್ಟು ಅವಧಿಯಲ್ಲಿ ಎರಡು ವರ್ಷ ಹೆಚ್ಚುವರಿ ಸಮಯವೂ, ಹೆರಿಗೆ ಮತ್ತು ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆಯೂ ಸಿಗುತ್ತದೆ.

ಪತ್ರಿಕೆ, ಚಾನೆಲ್‌ಗಳಲ್ಲಿ ದುಡಿಯುತ್ತಿರುವವರು ಅರೆಕಾಲಿಕವಾಗಿ ಸೇರಬಹುದು. ಅವರು ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದರಲ್ಲಿ ಮೂರು ಮಾತು ಸ್ಪಷ್ಟವಾಗಿರಬೇಕು: ಅರೆಕಾಲಿಕ ಅಧ್ಯಯನಕ್ಕೆ ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ ಬೇಕಾದರೆ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ. ಕೊನೆಯ ಮಾತಿಗೆ ಒಪ್ಪಿಗೆ ಪಡೆಯಲು ತಿಂಗಳುಗಳೇ ಹಿಡಿಯಬಹುದು, ಅಧಿಸೂಚನೆಗೆ ಕಾಯದೆ ಸಂಪಾದಕರನ್ನು ಈಗಲೇ ಕೇಳಿ.