ಶಿರಸ್ತ್ರಾಣವೂ ಸವಾರನ ಸ್ವಾತಂತ್ರ್ಯವೂ

ರಣರಂಗಕ್ಕೆ ಹೊರಡುವ ವೀರನು ಶಿರಸ್ತ್ರಾಣವನ್ನು ಧರಿಸುತ್ತಿದ್ದನೆಂದು ನಾವು ಹಳೆಯ ಕಥೆಗಳಲ್ಲಿ ಓದಿದ್ದೇವೆ. ಈಗ ಯುದ್ಧಕ್ಕೆ ಹೋಗದವನಿಗೂ ಅದು ಬೇಕಾಗಿದೆ. ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಡೇರಿಗೆ ಹೋಗುವ ರೈತನಿಂದ ಹಿಡಿದು ಕಾಲೇಜಿಗೆ ಬರುವ ವಿದ್ಯಾರ್ಥಿಯವರೆಗೆ ಮೋಟಾರ್ ಸೈಕಲ್ಲು ಎಲ್ಲರ ನಿತ್ಯದ ವಾಹನವಾಗಿದೆ. ಅದರ ಸವಾರನ ಶಿರಸ್ತ್ರಾಣಕ್ಕೆ ಹೆಲ್ಮೆಟ್ ಎಂದು ಹೆಸರು. “ತಲೆ ನನ್ನದು, ಒಡೆದರೆ ನನ್ನದೇ ಒಡೆಯುತ್ತದೆ, ಸರ್ಕಾರಕ್ಕೇನು?” ಎಂದು ಕೇಳುವವರು ನಮ್ಮ ಕಾಲೇಜಿನ ಗೇಟಿನ ಬಳಿಯಲ್ಲಿಯೇ ಉಂಟು. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕದೆ ವಿವೇಚಿಸಿ ನೋಡೋಣ.

ಮೊದಲು ಇದರ ಇತಿಹಾಸವನ್ನು ತಿಳಿಯಬೇಕು. ‘ಅರೇಬಿಯದ ಲಾರೆನ್ಸ್’ ಎಂದು ಪ್ರಸಿದ್ಧನಾದ ಟಿ. ಇ. ಲಾರೆನ್ಸನು 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದನು. ಅವನ ತಲೆಗೆ ರಕ್ಷಣೆಯಿರಲಿಲ್ಲ. ಪ್ರಜ್ಞೆ ಮರಳದೆ ಆರು ದಿನಗಳ ಬಳಿಕ ತೀರಿಕೊಂಡನು. ಅವನನ್ನು ನೋಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೂ ಒಬ್ಬನು. ಮಹಾಯುದ್ಧದ ಕಾಲದಲ್ಲಿ ಸೈನ್ಯದ ಮೋಟಾರ್ ಸೈಕಲ್ ಸವಾರರು ರಸ್ತೆಯಲ್ಲಿಯೇ ಸಾಯುತ್ತಿದ್ದುದನ್ನು ಅವನು ಅಭ್ಯಾಸ ಮಾಡಿ, ಶಿರಸ್ತ್ರಾಣದ ಮಹತ್ವವನ್ನು ತೋರಿಸುವ ಲೇಖನವನ್ನು 1941ರಲ್ಲಿ ಪ್ರಕಟಿಸಿದನು. ಅದೇ ವರ್ಷ ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಅದನ್ನು ಕಡ್ಡಾಯ ಮಾಡಿತು. ನಾಗರಿಕರ ಸರದಿ ತಡವಾಗಿ ಬಂದಿತು: ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1961, ಬ್ರಿಟನ್ನಿನಲ್ಲಿ 1973.

ಇಷ್ಟು ಹಗುರಾದ ವಸ್ತು ಪ್ರಾಣವನ್ನು ಹೇಗೆ ಉಳಿಸೀತು? ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ತಲೆಯು ಗೋಡೆಗೆ ಬಡಿಯುವುದೆಂದರೆ ಸುಮಾರು 20 ಅಡಿ ಎತ್ತರದಿಂದ ಬಿದ್ದಂತೆ. ಅಂದರೆ ಎರಡಂತಸ್ತಿನ ಮನೆಯ ತಾರಸಿಯಿಂದ ತಲೆಕೆಳಗಾಗಿ ಬಿದ್ದ ಹಾಗೆ. ಹೆಲ್ಮೆಟ್ಟಿನ ಗಟ್ಟಿಯಾದ ಹೊರಚಿಪ್ಪು ಪೆಟ್ಟನ್ನು ಒಂದೇ ಕಡೆ ನಾಟಗೊಡದೆ ಹರಡುತ್ತದೆ. ಒಳಗಿನ ಥರ್ಮೋಕೋಲಿನ ಪದರ ತಾನು ನುಗ್ಗಾಗಿ ಪೆಟ್ಟಿನ ಬಲವನ್ನು ಹೀರುತ್ತದೆ. ತಲೆ ತಟಕ್ಕನೆ ನಿಲ್ಲುವ ಬದಲು ಕೊಂಚ ನಿಧಾನವಾಗಿ ನಿಲ್ಲುತ್ತದೆ. ಆ ಕ್ಷಣದ ಅಂಶದಲ್ಲಿಯೇ ಜೀವನ್ಮರಣಗಳ ಅಂತರವಿದೆ. ಗಲ್ಲದ ಪಟ್ಟಿಯನ್ನು ಬಿಗಿಯದಿದ್ದರೆ ಮಾತ್ರ ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ಟು ಹಾರಿಹೋದೀತು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2008ರ ಕಾಕ್ರೇನ್ ವರದಿಯ ಪ್ರಕಾರ, ಅಪಘಾತಕ್ಕೀಡಾದ ಸವಾರರಲ್ಲಿ ಹೆಲ್ಮೆಟ್ಟಿನಿಂದ ಸಾವಿನ ಸಂಭವ ಸುಮಾರು ಶೇಕಡಾ 42ರಷ್ಟೂ, ತಲೆಯ ಗಾಯದ ಸಂಭವ ಸುಮಾರು ಶೇಕಡಾ 69ರಷ್ಟೂ ತಗ್ಗುತ್ತದೆ.

ಸೆಕೆಯಾಗುತ್ತದೆ, ಕೂದಲು ಉದುರುತ್ತದೆ, ಹೊತ್ತು ತಿರುಗುವುದು ಕಷ್ಟ ಎಂಬ ಆಕ್ಷೇಪಣೆಗಳಿವೆ. ಸೆಕೆಯಂತೂ ನಿಜ, ಆದರೆ ಬೆವರನ್ನು ಒರೆಸಿಕೊಳ್ಳಬಹುದು. ಇವುಗಳಿಗಿಂತ ಗಂಭೀರವಾದುದು ಸ್ವಾತಂತ್ರ್ಯದ ಆಕ್ಷೇಪಣೆ. ಒಬ್ಬನು ಇತರರಿಗೆ ಹಾನಿ ಮಾಡದಿರುವಾಗ, ಅವನ ಒಳಿತಿಗಾಗಿಯೇ ಎಂದು ಅವನನ್ನು ಬಲಾತ್ಕರಿಸಬಾರದೆಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಪ್ರಕಟವಾದ ‘ಆನ್ ಲಿಬರ್ಟಿ’ಯಲ್ಲಿ ವಾದಿಸಿದ್ದಾನೆ. ಅಮೆರಿಕದಲ್ಲಿ ಈ ಬಗೆಯ ವಾದಕ್ಕೆ ಬಹಳ ಮನ್ನಣೆ. ಹೆಲ್ಮೆಟ್ ಕಾಯಿದೆ ಮಾಡದ ರಾಜ್ಯಗಳ ಮೇಲೆ ಕೇಂದ್ರ ಸರ್ಕಾರವು ಹೇರುತ್ತಿದ್ದ ಒತ್ತಾಯವನ್ನು 1976ರಲ್ಲಿ ತೆಗೆದುಹಾಕಲಾಯಿತು. ಎಲ್ಲ ಸವಾರರಿಗೂ ಅದನ್ನು ಕಡ್ಡಾಯ ಮಾಡಿರುವ ರಾಜ್ಯಗಳು ಇಂದು ಅಲ್ಲಿ ಅರ್ಧಕ್ಕಿಂತ ಕಡಿಮೆ. ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಕಡ್ಡಾಯದ ನಿಯಮವು ಸಂಚಾರ ಸ್ವಾತಂತ್ರ್ಯಕ್ಕೆ ಭಂಗ ತರುವುದಿಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿ, ಅಜಯ್ ಕಾನು ಮೊಕದ್ದಮೆಯಲ್ಲಿ, ತೀರ್ಪಿತ್ತಿತು.

ಆದರೆ ತಲೆಯೊಡೆದರೆ ಹಾನಿ ಸವಾರನೊಬ್ಬನದೇ ಎಂಬುದು ಸರಿಯೆ? ಕೇಂದ್ರ ಸಾರಿಗೆ ಇಲಾಖೆಯ ವರದಿಯಂತೆ, 2022ರಲ್ಲಿ ಭಾರತದ ರಸ್ತೆಗಳಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ. ಇವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಸತ್ತವರ ಲೆಕ್ಕವಾದರೂ ಪುಸ್ತಕದಲ್ಲಿ ಸಿಗುತ್ತದೆ. ಬದುಕಿ ಉಳಿದವರ ಮನೆಗಳ ಲೆಕ್ಕವೆಲ್ಲಿ? ನಮ್ಮ ಬೀದಿಯಲ್ಲಿ ಗಾರೆ ಕೆಲಸದವರೊಬ್ಬರಿದ್ದಾರೆ. ಮಳೆಗಾಲದ ಒಂದು ಸಂಜೆ ಗುಂಡಿ ತಪ್ಪಿಸಲು ಹೋಗಿ ಬಿದ್ದರು. ಹೆಲ್ಮೆಟ್ಟು ಮನೆಯ ಗೂಟದಲ್ಲಿ ತೂಗುತ್ತಿತ್ತು. ಜೀವ ಉಳಿಯಿತು, ಕೈಯಲ್ಲಿದ್ದ ಕಸುಬು ಹೋಯಿತು. ರಸಗುಂಡಿನಿಂದ ಗೋಡೆಯ ನೇರ ನೋಡುತ್ತಿದ್ದವರು ಈಗ ಮಕ್ಕಳ ಹೆಸರನ್ನು ಅದಲು ಬದಲು ಮಾಡುತ್ತಾರೆ. ಆಸ್ಪತ್ರೆಯ ಸಾಲ ತೀರಿಸಲು ಹಿರಿಯ ಮಗಳು ಪಿ.ಯು.ಸಿ. ಮುಗಿಸಿ ಬಟ್ಟೆಯ ಕಾರ್ಖಾನೆಗೆ ಸೇರಿದಳು. ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲು. ಅವರ ಮನೆಯಲ್ಲಿ ಅವಳು ಮೊದಲಾಗಬೇಕಾಗಿತ್ತು. ತಲೆ ತಂದೆಯದು, ಹೊರೆ ಹೊತ್ತವಳು ಅವಳು.

ಸ್ವಾತಂತ್ರ್ಯವಾದಿಯಾದ ಮಿಲ್ಲನೂ ಇದನ್ನು ಒಪ್ಪುತ್ತಿದ್ದನೆಂದು ತೋರುತ್ತದೆ. ಒಬ್ಬನ ನಡತೆಯಿಂದ ಇತರರಿಗೆ ಸಲ್ಲಬೇಕಾದ ಸ್ಪಷ್ಟವಾದ ಕರ್ತವ್ಯಕ್ಕೆ ಲೋಪ ಬಂದರೆ, ಅದು ಕೇವಲ ಸ್ವಂತ ವಿಷಯವಾಗಿ ಉಳಿಯುವುದಿಲ್ಲವೆಂದು ಅವನೇ ಹೇಳಿದ್ದಾನೆ. ಒಬ್ಬನ ದುಡಿಮೆಯ ಮೇಲೆ ಐದಾರು ಬಾಯಿಗಳು ನಿಂತಿರುವ ನಮ್ಮ ಮನೆಗಳಲ್ಲಿ ಸಂಪೂರ್ಣ ಸ್ವಂತವಾದ ತಲೆ ಯಾರಿಗೂ ಇಲ್ಲ.

ಆದುದರಿಂದ ಕಾಯಿದೆ ಬೇಕು. 1988ರ ಮೋಟಾರು ವಾಹನ ಕಾಯಿದೆಯ 129ನೆಯ ವಿಧಿ ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟು, ಉಳಿದವರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಈ ಕಡ್ಡಾಯ ಬಂದಿದೆ. ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟುಗಳ ತಯಾರಿಕೆಯೂ ಮಾರಾಟವೂ 2021ರ ಜೂನ್‌ನಿಂದ ನಿಷಿದ್ಧ. ಆದರೂ ಕಾಯಿದೆಯ ಕೈ ಗಲ್ಲದ ಪಟ್ಟಿಯವರೆಗೆ ಚಾಚದು. ಕನ್ನಡಿಗೆ ಹೆಲ್ಮೆಟ್ಟನ್ನು ತೂಗುಹಾಕಿ, ಪೊಲೀಸರನ್ನು ಕಂಡೊಡನೆ ತಲೆಗೇರಿಸುವವನು ದಂಡದಿಂದ ಪಾರಾಗುತ್ತಾನೆ. ರಸ್ತೆಯ ಗುಂಡಿ ಹಾಗೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಬಟ್ಟಲಿನಂಥ ಅಗ್ಗದ ಟೊಪ್ಪಿಗೆ ಪೊಲೀಸರ ಕಣ್ಣನ್ನು ತಪ್ಪಿಸೀತು, ಪೆಟ್ಟನ್ನು ತಪ್ಪಿಸದು.

ಸವಾರನಿಗೆ ಉಳಿದಿರುವ ನಿಜವಾದ ಸ್ವಾತಂತ್ರ್ಯ ಇಲ್ಲಿಯೇ ಇದೆ. ಗುರುತು ನೋಡಿ ಕೊಳ್ಳುವುದು, ತಲೆಗೆ ಸರಿಯಾಗಿ ಕೂರುವುದನ್ನು ಆರಿಸುವುದು, ಹಿಂದೆ ಕುಳಿತ ತಾಯಿಗೂ ತಂಗಿಗೂ ಒಂದನ್ನು ಒದಗಿಸುವುದು, ಸಂತೆಯವರೆಗಿನ ಎರಡು ಮೈಲಿಗೂ ಪಟ್ಟಿಯನ್ನು ಬಿಗಿಯುವುದು, ಇವೆಲ್ಲ ಅವನ ಇಚ್ಛೆಗೇ ಸೇರಿದವು. ಈ ಇಚ್ಛೆಯನ್ನು ಮನೆಯ ಬಾಗಿಲಿನಲ್ಲಿಯೇ ಚಲಾಯಿಸಬೇಕು. ಬಿದ್ದ ಮೇಲೆ ಆರಿಸಿಕೊಳ್ಳಲು ಅವಕಾಶವಿಲ್ಲ.